ಶಾಲು ಹೊದಿಸಿದರೆ ಋಣ ತೀರಿತೆ?



ಪ್ರತಿ ವರ್ಷ ಸಪ್ಟೆಂಬರ್ 5 ಬಂತೆಂದರೆ ನಮ್ಮ ಗಡಿನಾಡಿನ ಊರುಗಳಲ್ಲಿಯೂ ಶಿಕ್ಷಕರ ದಿನಾಚರಣೆ ನಡೆಯುತ್ತದೆ. ಶಾಲೆಯ ಅಂಗಳದಲ್ಲಿ ಚಪ್ಪರ, ಡಾ. ರಾಧಾಕೃಷ್ಣನ್ ಅವರ ಭಾವಚಿತ್ರಕ್ಕೆ ಹಾರ, ಗುರುಗಳಿಗೆ ಶಾಲು, ತೆಂಗಿನಕಾಯಿ, ಫಲಪುಷ್ಪ. ಊರ ಹಿರಿಯರು ನಾಲ್ಕು ಒಳ್ಳೆಯ ಮಾತು ಆಡುತ್ತಾರೆ. ಮಕ್ಕಳಿಗೆ ಪೇಢೆ ಹಂಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿಯುತ್ತದೆ. ಇದು ಒಳ್ಳೆಯ ಪದ್ಧತಿಯೇ. ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಆ ದಿನ ಕಳೆದ ಮೇಲೆ ನಾವೆಲ್ಲ ಕೂಡಿ ವಿಚಾರ ಮಾಡಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಶಾಲು ಹೊದಿಸಿದರೆ ಗುರುವಿನ ಋಣ ತೀರಿತೆ? ತೀರದಿದ್ದರೆ ಅದನ್ನು ತೀರಿಸುವ ಬಗೆ ಯಾವುದು? ತೀರಿಸಲಾಗದ ಋಣವೆಂದೇ ಆದರೆ, ಕೃತಜ್ಞತೆ ತೋರಿಸುವುದೆಂದರೆ ಏನರ್ಥ?

ಇದು ಪಂಡಿತರಿಗಷ್ಟೇ ಬಿಟ್ಟುಕೊಡುವ ಪ್ರಶ್ನೆಯಲ್ಲ. ಹೊಲದಲ್ಲಿ ದುಡಿಯುವವರೂ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರೂ ಕೊಡುವ-ಕೊಳ್ಳುವ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು. ಆದ್ದರಿಂದ ಲೆಕ್ಕದಿಂದಲೇ ಸುರು ಮಾಡೋಣ.

ಉದ್ರಿಯೂ ಅಲ್ಲ, ಮುಯ್ಯಿಯೂ ಅಲ್ಲ

ಅಡತಿ ಅಂಗಡಿಯಲ್ಲಿ ಉದ್ರಿ ಮಾಡಿದರೆ ಸುಗ್ಗಿಯಾದ ಮೇಲೆ ತೊಗರಿಯನ್ನೋ ಜೋಳವನ್ನೋ ಹಾಕಿ ತೀರಿಸುತ್ತೇವೆ. ಸಾಹುಕಾರರು ಖಾತೆಯ ಮೇಲೆ ಗೀಟು ಎಳೆಯುತ್ತಾರೆ. ಅಲ್ಲಿಗೆ ಇಬ್ಬರಿಗೂ ಸಮಾಧಾನ. ಮದುವೆಯಲ್ಲಿ ಮಾಡುವ ಮುಯ್ಯಿ ಇನ್ನೊಂದು ಬಗೆಯದು. ನಮ್ಮ ಮನೆಯ ಕಾರ್ಯಕ್ಕೆ ಬೀಗರು ಏನು ಮಾಡಿದರೆಂಬುದನ್ನು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅದೇ ತೂಕದ್ದನ್ನು ತಿರುಗಿ ಮಾಡುತ್ತೇವೆ. ಒಂದು ಗುಲಗಂಜಿ ಕಡಿಮೆಯಾದರೂ ಮಾತು ಬರುತ್ತದೆ.

ಗುರು ನಮಗೆ ಕೊಟ್ಟದ್ದು ಈ ಎರಡೂ ಬಗೆಗೆ ಸೇರುವುದಿಲ್ಲ. ಅಕ್ಷರ ಕಲಿಸಿದವರಿಗೆ ನಾವು ತಿರುಗಿ ಅಕ್ಷರ ಕಲಿಸಲಾರೆವು. ಕೊಟ್ಟದ್ದರಿಂದ ಅವರ ಗಂಟು ಕರಗಿಲ್ಲ, ನಮ್ಮದು ಬೆಳೆದಿದೆ. ಅದರ ಬೆಲೆ ಎಷ್ಟೆಂದು ಹೇಳಲು ಕೊಟ್ಟವರಿಗೂ ಆಗದು, ಕೊಂಡವರಿಗೂ ಆಗದು. ಇಂದು ದ್ರಾಕ್ಷಿಗೋ ತೊಗರಿಗೋ ಔಷಧ ಹೊಡೆಯುವ ರೈತರು ಡಬ್ಬಿಯ ಮೇಲಿನ ಬರಹವನ್ನು ಓದುತ್ತಾರೆ. ಕೆಂಪು ತ್ರಿಕೋನವಿದ್ದರೆ ಅತಿ ತೀವ್ರವಾದ ವಿಷ, ಅದಕ್ಕಿಂತ ಕಡಿಮೆಯದಕ್ಕೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು ಎಂದು ತಿಳಿದುಕೊಂಡು, ಒಂದು ಪಂಪಿಗೆ ಎಷ್ಟು ಹಾಕಬೇಕೆಂದು ಲೆಕ್ಕ ಮಾಡುತ್ತಾರೆ. ಸೋಲಾಪುರದ ಕಡೆಯ ನಮ್ಮವರು ಸಾತ್‌ಬಾರಾ ಉತಾರೆಯಲ್ಲಿ ತಮ್ಮ ಹೆಸರೂ ಕ್ಷೇತ್ರವೂ ಸರಿಯಾಗಿವೆಯೇ ಎಂದು ಮತ್ತೊಬ್ಬರನ್ನು ಕೇಳದೆ ನೋಡಿಕೊಳ್ಳುತ್ತಾರೆ. ವ್ಯಾಪಾರಿಗಳು ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಮೊದಲು ಬಡ್ಡಿಯ ದರ ಓದುತ್ತಾರೆ. ಇವುಗಳಲ್ಲಿ ಪ್ರತಿಯೊಂದೂ ಯಾವುದೋ ಒಂದು ಶಾಲೆಯಲ್ಲಿ, ಕಪ್ಪು ಹಲಗೆಯ ಮುಂದೆ, ಯಾರೋ ಒಬ್ಬ ಗುರುಗಳು ಅಥವಾ ಅಕ್ಕೋರು ಬೇಸರವಿಲ್ಲದೆ ಹತ್ತು ಸಲ ಹೇಳಿಕೊಟ್ಟದ್ದರ ಫಲ. ಮೂವತ್ತು ವರ್ಷಗಳ ಹಿಂದಿನ ಬಿತ್ತನೆಯ ಬೆಳೆಯನ್ನು ನಾವು ಇಂದು ಕೊಯ್ಯುತ್ತಿದ್ದೇವೆ. ಇದನ್ನು ಯಾವ ಖಾತೆಯಲ್ಲಿ ಬರೆಯುವುದು, ಯಾವ ಸುಗ್ಗಿಯಲ್ಲಿ ತೀರಿಸುವುದು?

ಪಗಾರ ಕೊಡುತ್ತಾರಲ್ಲ ಎಂಬ ಮಾತು

"ಸರ್ಕಾರ ಅವರಿಗೆ ಪಗಾರ ಕೊಡುತ್ತದೆ, ಅದರಲ್ಲಿ ಋಣವೇನು ಬಂತು?" ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಈ ಮಾತನ್ನು ಸಿಟ್ಟಿನಿಂದ ತಳ್ಳಿಹಾಕುವುದಕ್ಕಿಂತ ವಿಚಾರ ಮಾಡುವುದು ಮೇಲು.

ಹಿಂದಿನ ಕಾಲದ ಐಗಳ ಮಠಗಳ ಮತ್ತು ಕೂಲಿಮಠಗಳ ಸಂಗತಿಯನ್ನು ಹಿರಿಯರಿಂದ ಕೇಳಿದವರು ಇನ್ನೂ ಇದ್ದಾರೆ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಐಗಳಿಗೆ ತಿಂಗಳ ಪಗಾರವೆಂಬುದು ಇರಲಿಲ್ಲ. ಸುಗ್ಗಿಯಲ್ಲಿ ಮನೆಮನೆಯಿಂದ ಕಾಳು ಬರುತ್ತಿತ್ತು, ಮಹಾನವಮಿಯಲ್ಲಿ ಮಕ್ಕಳು ಹಾಡು ಹೇಳುತ್ತ ಮನೆಗಳಿಗೆ ಹೋಗಿ ಗುರುಗಳಿಗಾಗಿ ಕಾಣಿಕೆ ತರುತ್ತಿದ್ದರು. ಅಂದಿನ ದಿನಗಳಲ್ಲಿ ಕೃತಜ್ಞತೆಯೂ ಹೊಟ್ಟೆಪಾಡೂ ಒಂದೇ ಆಗಿದ್ದವು. ಕೇಳಲು ಇದು ಚೆಂದ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಊರವರ ಮನಸ್ಸು ಹಿಡಿದು ಬದುಕಬೇಕಾದ ಗುರು, ಕಾಳು ಕೊಡುವ ಮನೆಯ ಹುಡುಗನನ್ನು ಮುಂದೆ ಕೂಡಿಸಬೇಕಾಗುತ್ತಿತ್ತು. ಕೊಡಲಾರದ ಮನೆಯ ಮಕ್ಕಳೂ, ಕೆಳಗಿನವರೆಂದು ಊರು ದೂರ ಇಟ್ಟವರ ಮಕ್ಕಳೂ, ಹೆಣ್ಣುಮಕ್ಕಳೂ ಹೆಚ್ಚಾಗಿ ಆ ಮಠದ ಕಟ್ಟೆಯನ್ನು ಹತ್ತಲೇ ಇಲ್ಲ.

ಆ ಕಟ್ಟೆಯನ್ನು ಹತ್ತಿಸಹೊರಟವರಿಗೆ ಏನು ಸಿಕ್ಕಿತು ಎಂಬುದನ್ನು ಮಹಾರಾಷ್ಟ್ರದಲ್ಲಿರುವ ನಮ್ಮವರೆಲ್ಲ ಬಲ್ಲರು. 1848ರಲ್ಲಿ ಪುಣೆಯಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದಾಗ, ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ಜನ ಕೆಸರು, ಸಗಣಿ ಎರಚಿದರು. ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರೆಂದು ಹೇಳುತ್ತಾರೆ. 1897ರಲ್ಲಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಲೇ ಅವರು ತೀರಿಕೊಂಡರು. ಊರ ಜನರ ಮೆಚ್ಚುಗೆಯೊಂದನ್ನೇ ನೆಚ್ಚಿಕೊಂಡಿದ್ದರೆ ಆ ತಾಯಿ ಒಂದು ವಾರವೂ ಪಾಠ ಹೇಳಲಾಗುತ್ತಿರಲಿಲ್ಲ.

ಆದ್ದರಿಂದ ಪಗಾರವೆಂಬುದು ಗುರುವಿನ ಗೌರವವನ್ನು ಕಡಿಮೆ ಮಾಡಿದ ವಸ್ತುವಲ್ಲ. ಅದು ಗುರುವನ್ನು ನಮ್ಮ ಹಂಗಿನಿಂದ ಬಿಡಿಸಿತು. ಯಾರ ಮಗುವಾದರೂ ಸರಿ, ಒಂದೇ ಸಮನಾಗಿ ಕಲಿಸುವ ಸ್ವಾತಂತ್ರ್ಯ ಕೊಟ್ಟಿತು. ಜೊತೆಗೆ ನಮ್ಮ ಕೃತಜ್ಞತೆಯನ್ನೂ ಅದು ಶುದ್ಧ ಮಾಡಿತು. ಈಗ ನಾವು ಗೌರವ ತೋರಿಸಿದರೆ ಅದು ಕೂಲಿಯಲ್ಲ, ಬರಿಯ ಗೌರವ. ದುಡಿದು ಕೂಲಿ ಪಡೆದರೆ ಕಾಯಕದ ಪಾವಿತ್ರ್ಯ ಕೆಡುತ್ತದೆಂದು ಶರಣರು ಎಂದೂ ತಿಳಿಯಲಿಲ್ಲ. ಪಗಾರಕ್ಕೆ ತಕ್ಕಂತೆ ಗಂಟೆ ಬಾರಿಸಿದಾಗ ಬಂದು ಗಂಟೆ ಬಾರಿಸಿದಾಗ ಹೋಗಬಹುದು. ಆದರೆ ಹಿಂದಿನ ಸಾಲಿನ ಹುಡುಗಿ ಕಣ್ಣು ಕಿರಿದು ಮಾಡಿ ಹಲಗೆ ನೋಡುತ್ತಾಳೆ, ಇವಳಿಗೆ ಕನ್ನಡಕ ಬೇಕು ಎಂದು ಗುರುತಿಸಿ ಮನೆಗೆ ಹೇಳಿಕಳಿಸುವುದನ್ನು ಯಾವ ಪಗಾರದ ಚೀಟಿಯಲ್ಲಿಯೂ ಬರೆದಿರುವುದಿಲ್ಲ.

ಹೆಚ್ಚಾದ ಅಕ್ಕಿ

ಹಾಗಾದರೆ ಕಾಣಿಕೆ ಕೊಡಬಾರದೆ? ಕೊಡಬಹುದು, ಅಳತೆ ತಿಳಿದು ಕೊಡಬೇಕು. ಇದಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ಸಂತೋಷಪಡಲಿಲ್ಲ. ಇಷ್ಟೊಂದು ಆಸೆ ನಮಗೇಕೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದರು. ಬಡವರ ಮನೆಗೆ ಬಂದ ಅಕ್ಕಿ ತಿರುಗಿ ಹೋಯಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಪಡೆಯುವವರ ನಿರಾಸೆಗೆ ದೃಷ್ಟಾಂತವಾಗಿ ಹೇಳುತ್ತೇವೆ. ಕೊಡುವವರಿಗೂ ಇದರಲ್ಲಿ ಪಾಠವಿದೆ. ಅಳತೆ ಮೀರಿದ ಕೊಡುಗೆ ಪಡೆದವರ ಕೈಯನ್ನು ಕಟ್ಟುತ್ತದೆ. ಪರೀಕ್ಷೆಯ ಮುಂಚೆ ಗುರುಗಳ ಮನೆಗೆ ಹೋದ ದಾಳಿಂಬೆ ಬುಟ್ಟಿ, ದೀಪಾವಳಿಗೆ ಹೋದ ಬೆಳ್ಳಿಯ ಸಾಮಾನು, ಪಾಕೀಟಿನಲ್ಲಿಟ್ಟ ನೋಟು, ಇವು ಎಷ್ಟೇ ಪ್ರೀತಿಯಿಂದ ಹೋದರೂ ಒಂದು ಮಾತನ್ನು ಹೊತ್ತುಕೊಂಡೇ ಹೋಗುತ್ತವೆ: ನಮ್ಮ ಹುಡುಗನನ್ನು ನೋಡಿಕೊಳ್ಳಿರಿ. ಆಗ ಗುರುಗಳು ಹಳೆಯ ಐಗಳ ಸ್ಥಿತಿಗೆ ತಿರುಗಿ ಬರುತ್ತಾರೆ. ಕೊಡಲಾರದ ಮನೆಯ ಮಗು ತನ್ನ ಜಾಗದಲ್ಲಿ ಕೂತು ಇದನ್ನೆಲ್ಲ ನೋಡುತ್ತಿರುತ್ತದೆ. ಸರ್ಕಾರಿ ನೌಕರರ ನಡತೆಯ ನಿಯಮಗಳು ಇಂಥ ಉಡುಗೊರೆಗಳಿಗೆ ಮಿತಿ ಹಾಕಿರುವುದೂ ಇದಕ್ಕಾಗಿಯೇ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವೂ ಇದೇ. ದಾನದಲ್ಲಿ ಕೊಟ್ಟವನ ಕೈ ಮೇಲೆ, ಪಡೆದವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ಸೇವಕ. ಕೊಟ್ಟೆನೆಂಬ ಭಾವ ಉಳಿಯಬಾರದು. ಗುರುಗಳಿಗೆ ಸಲ್ಲುವ ಕಾಣಿಕೆ ಈ ಎರಡನೆಯ ಬಗೆಯದಾಗಿರಬೇಕು. ಅಂದರೆ ಅದು ಗುರುಗಳ ಮನೆಗೆ ಹೋಗುವುದಕ್ಕಿಂತ ಅವರ ಕಾಯಕಕ್ಕೆ ಹೋಗಬೇಕು.

ಗೌರವಕ್ಕೆ ಪರೀಕ್ಷೆ ಎಲ್ಲಿ?

ವೇದಿಕೆಯ ಮೇಲೆ ಗೌರವ ಕೊಡುವುದು ಸುಲಭ. ಅದಕ್ಕೆ ಪರೀಕ್ಷೆ ಬೇರೆ ಕಡೆ ಇದೆ.

ದೂರದ ಊರಿನಿಂದ ಬದಲಿಯಾಗಿ ಬಂದ ಗುರುಗಳು ಬಾಡಿಗೆಗೆ ಮನೆ ಕೇಳುತ್ತಾರೆ. ಮನೆ ಖಾಲಿ ಇರುತ್ತದೆ. ಆದರೆ ಮೊದಲ ಪ್ರಶ್ನೆ, "ನೀವು ಯಾವ ಪೈಕಿ?" ಉತ್ತರ ಕೇಳಿದ ಮೇಲೆ, "ಮನೆ ಮಗನಿಗೆ ಬೇಕಾಗಿದೆ" ಎಂಬ ನೆಪ. ಆ ಗುರುಗಳು ದಿನಾಲು ಎರಡು ಬಸ್ಸು ಬದಲಿಸಿ ಬರುತ್ತಾರೆ. ಸಂಜೆ ಬಸ್ಸು ತಪ್ಪಬಾರದೆಂದು ಬೇಗ ಹೊರಡುತ್ತಾರೆ. ಆಮೇಲೆ ಅದೇ ಓಣಿಯವರು, "ಮಾಸ್ತರರು ಊರಲ್ಲಿ ಇರುವುದೇ ಇಲ್ಲ" ಎಂದು ದೂರುತ್ತಾರೆ. ಯಾವ ಕೈ ಸಪ್ಟೆಂಬರಿನಲ್ಲಿ ಶಾಲು ಹೊದಿಸುತ್ತದೆಯೋ ಅದೇ ಕೈ ಜೂನಿನಲ್ಲಿ ಬಾಗಿಲು ಮುಚ್ಚಿದರೆ ಆ ಶಾಲಿನ ಬೆಲೆ ಎಷ್ಟು? ಹುಟ್ಟಿನಿಂದ ಯಾರನ್ನೂ ಅಳೆಯಬಾರದೆಂದು ಸಾರಿದ ಬಸವಣ್ಣನವರ ಹೆಸರು ಹೇಳುವ ನಮಗೆ ಈ ಪ್ರಶ್ನೆ ಉಳಿದವರಿಗಿಂತ ಹೆಚ್ಚು ಹತ್ತಿರದ್ದು.

ಇನ್ನೊಂದು ಪರೀಕ್ಷೆ ಮನೆಯೊಳಗಿನದು. ಮಗು ಶಾಲೆಯಿಂದ ಬಂದು, "ಅಕ್ಕೋರು ಹೀಗೆ ಹೇಳಿದರು" ಎಂದಾಗ, "ಅವರಿಗೇನು ಗೊತ್ತು" ಎಂದು ನಗುವ ಮನೆಗಳುಂಟು. ಮಕ್ಕಳು ನಮ್ಮ ಭಾಷಣ ಕೇಳುವುದಿಲ್ಲ, ನಗೆಯನ್ನು ಕೇಳುತ್ತಾರೆ. ಮರುದಿನ ತರಗತಿಯಲ್ಲಿ ಕೂತ ಮಗುವಿನ ಕಿವಿಯ ಅರ್ಧ ಬಾಗಿಲು ಅಲ್ಲಿಗೇ ಮುಚ್ಚಿರುತ್ತದೆ.

ಗಡಿನಾಡಿನ ಕನ್ನಡ ಗುರುಗಳಿಗೆ ಇರುವ ಭಾರವನ್ನು ನಾವು ವಿಶೇಷವಾಗಿ ತಿಳಿಯಬೇಕು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಶಾಲೆಯವರಿಗೆ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತದೆ. ಆದರೆ ಕಚೇರಿಯ ಕಾಗದವೆಲ್ಲ ಮರಾಠಿಯಲ್ಲಿ. ಕಾಸರಗೋಡಿನಲ್ಲಿ ಮಲೆಯಾಳ, ಆದವಾನಿ-ಮಡಕಶಿರಾ ಕಡೆ ತೆಲುಗು, ತಾಳವಾಡಿ-ಹೊಸೂರಿನ ಕಡೆ ತಮಿಳು. ಒಂದು ಭಾಷೆಯಲ್ಲಿ ಪಾಠ, ಇನ್ನೊಂದರಲ್ಲಿ ವರದಿ. ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳಿದರು. ಆ ವಿಧಿ ಕಾಗದದಿಂದ ಇಳಿದು ಮಗುವಿನ ಪಾಟಿಯ ಮೇಲೆ ಬರುವುದು ಈ ಗುರುಗಳ ಕೈಯಿಂದಲೇ.

ಹೀಗೆ ಮಾಡಬಹುದು

ಗುರುಗಳ ಕಾಯಕಕ್ಕೆ ಸಲ್ಲುವಂಥ, ದುಡ್ಡು ಹೆಚ್ಚು ಬೇಡದ ಕೆಲವು ಮಾರ್ಗಗಳನ್ನು ಇಲ್ಲಿ ಭಕ್ತರ ಮುಂದೆ ಇಡುತ್ತೇವೆ.

ಮೊದಲನೆಯದು, ಮಾತು. "ಚೆನ್ನಾಗಿ ಕಲಿಸುತ್ತೀರಿ" ಎಂಬ ಮಾತು ಯಾರಿಗೂ ಹೇಳಬಹುದಾದದ್ದು. "ನಮ್ಮ ಹುಡುಗ ಭಾಗಾಕಾರಕ್ಕೆ ಹೆದರುತ್ತಿದ್ದ, ಈಗ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಾನೇ ಮಾಡುತ್ತಾನೆ" ಎಂದರೆ ಅದು ಆ ಗುರುಗಳಿಗೆ ಮಾತ್ರ ಸಲ್ಲುವ ಮಾತು. ಯಾವ ಕೆಲಸ ಫಲ ಕೊಟ್ಟಿತೆಂದು ತಿಳಿದ ಗುರು ಆ ಕೆಲಸವನ್ನು ಮರುವರ್ಷವೂ ಮಾಡುತ್ತಾರೆ. ಸಾಧ್ಯವಾದರೆ ಇದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡಿರಿ. ಆಡಿದ ಮಾತು ಗಾಳಿಗೆ ಹೋಗುತ್ತದೆ; ಬರೆದದ್ದನ್ನು ಗುರುಗಳು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅವರೇ ಕಲಿಸಿದ ಅಕ್ಷರದಲ್ಲಿ ಬರೆದ ಕಾಗದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಯಾವುದು?

ಎರಡನೆಯದು, ಹಾಜರಿ. ತೊಗರಿ ಕೊಯ್ಲಿಗೆ, ಜಾತ್ರೆಗೆ, ನೆಂಟರ ಸೀಮಂತಕ್ಕೆ ಎಂದು ಮಗುವನ್ನು ಬಿಡಿಸಿದರೆ ಗುರುಗಳ ಒಂದು ವಾರದ ಕೆಲಸ ನೀರಿನಲ್ಲಿ ಹೋಮ. ಜತ್ತದ ಕಡೆಯಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳಿಗೆ ಬೇರೆ ದಾರಿಯಿಲ್ಲ. ಆದರೆ ಆ ಮಕ್ಕಳನ್ನು ಊರಲ್ಲಿಯೇ ಅಜ್ಜ ಅಜ್ಜಿಯರ ಬಳಿ ಉಳಿಸಿ, ಓಣಿಯವರು ಊಟ-ಉಪಚಾರಕ್ಕೆ ಕೈಗೂಡಿಸಿದರೆ ಸುಗ್ಗಿ ಮುಗಿಯುವ ತನಕ ಶಾಲೆ ತಪ್ಪುವುದಿಲ್ಲ. ಗುರುಗಳಿಗೆ ಇದಕ್ಕಿಂತ ಒಳ್ಳೆಯ ಸನ್ಮಾನವಿಲ್ಲ; ನಮ್ಮ ಪಾಲಿಗೆ ಇದು ನಿಜವಾದ ದಾಸೋಹ.

ಮೂರನೆಯದು, ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು. ಹೆಸರು ಬರೆಸಿ ಸಹಿ ಹಾಕಿ ಬರುವುದಕ್ಕಲ್ಲ ಈ ಸ್ಥಾನ. ಅದೇ ಕಾಯ್ದೆಯ 27ನೆಯ ಕಲಮಿನಂತೆ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ, ಇವನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. ಗುರುಗಳನ್ನು ಬೇರೆ ಕೆಲಸಕ್ಕೆ ಕರೆದೊಯ್ದರೆ ಅವರು ತಾವಾಗಿ ಬೇಡವೆನ್ನಲಾರರು. ಸಮಿತಿಯ ಪಾಲಕರು ಕೇಳಬಲ್ಲರು. ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಪಾಲಕರು, ಮಕ್ಕಳು ಧ್ವನಿ ಎತ್ತಿದ್ದನ್ನು ನಾವು ನೋಡಿದ್ದೇವೆ. ಗುರುಗಳ ಪರವಾಗಿ, ಪಾಠದ ಪರವಾಗಿ ನಿಲ್ಲುವುದೂ ಕೃತಜ್ಞತೆಯೇ.

ನಾಲ್ಕನೆಯದು, ಮನೆ. ಊರಿಗೆ ಬಂದ ಗುರುಗಳಿಗೆ, ವಿಶೇಷವಾಗಿ ಒಬ್ಬರೇ ಬಂದ ಅಕ್ಕೋರಿಗೆ, ಜಾತಿ ಕೇಳದೆ ಒಂದು ಒಳ್ಳೆಯ ಕೋಣೆ, ನೀರಿನ ಅನುಕೂಲ, ಮೊದಲ ವಾರದ ರೊಟ್ಟಿ. ಇದು ಪ್ರತಿ ಊರಿನ ಹಿರಿಯರು ಕೂತು ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಬಹುದಾದ ಸಂಗತಿ.

ಐದನೆಯದು, ವಸ್ತುವನ್ನೇ ಕೊಡಬೇಕೆಂಬ ಮನಸ್ಸಿದ್ದರೆ ಗುರುಗಳ ಹೆಸರಿನಲ್ಲಿ ಶಾಲೆಗೆ ಕೊಡಿರಿ. ಕನ್ನಡ ನಿಘಂಟು, ಮಕ್ಕಳ ಕಥೆಯ ಪುಸ್ತಕ, ನಕಾಶೆ, ಸೋರುವ ಮಾಳಿಗೆಯ ದುರಸ್ತಿ, ಅಂಗಳದಲ್ಲಿ ಒಂದು ಬೇವಿನ ಗಿಡ. ಮನೆಗೆ ಇಷ್ಟೆಂದು ಪಟ್ಟಿ ಹಾಕಿ ವಂತಿಗೆ ಎತ್ತಬೇಡಿರಿ, ಕೊಟ್ಟವರ ಹೆಸರನ್ನು ಮಕ್ಕಳ ಮುಂದೆ ಓದಬೇಡಿರಿ. ಕೊಡಲಾಗದ ಮನೆಯ ಮಗು ತನ್ನ ಗುರುವಿನ ಮುಂದೆ ತಲೆ ತಗ್ಗಿಸಬಾರದು.

ಆರನೆಯದು, ವೇದಿಕೆಗೆ ಯಾರೂ ಕರೆಯದವರು. ಬಾಲವಾಡಿಯ ತಾಯಂದಿರು, ಮಧ್ಯಾಹ್ನದ ಅಡುಗೆ ಮಾಡುವವರು, ನಿವೃತ್ತರಾಗಿ ಮನೆಯಲ್ಲಿ ಕೂತ ಹಳೆಯ ಗುರುಗಳು, ಕಡಿಮೆ ಪಗಾರದ ಮೇಲೆ ವಿನಾ ಅನುದಾನಿತ ಶಾಲೆಯಲ್ಲಿ ದುಡಿಯುವವರು. ಹಳೆಯ ಗುರುಗಳನ್ನು ವಾರಕ್ಕೊಂದು ದಿನ ಶಾಲೆಗೆ ಕರೆದು ಮಕ್ಕಳಿಗೆ ಕಥೆ ಹೇಳಿಸಿರಿ. ಕಾಯಿಲೆ ಬಿದ್ದರೆ ಹೋಗಿ ಕೂತು ಬನ್ನಿರಿ. ಸರಿಯಾದ ಪಗಾರವಿಲ್ಲದವರಿಗೆ ಮಾತ್ರ ಬರಿಯ ಹೊಗಳಿಕೆ ಸಾಲದು. ಶಾಲಿನಿಂದ ಹೊಟ್ಟೆ ತುಂಬುವುದಿಲ್ಲ. ಅವರಿಗೆ ನ್ಯಾಯದ ಪಗಾರ ಸಿಗುವಂತೆ ಸಂಸ್ಥೆಯವರಿಗೂ ಸರ್ಕಾರಕ್ಕೂ ಹೇಳುವುದು ನಮ್ಮ ಹೊಣೆ. ಜಗತ್ತಿನ ಶಿಕ್ಷಕರ ದಿನವೆಂದು 1994ರಿಂದ ಆಚರಿಸುವ ಅಕ್ಟೋಬರ್ 5 ಯಾವ ಮಹಾಪುರುಷರ ಹುಟ್ಟುಹಬ್ಬವೂ ಅಲ್ಲ. ಶಿಕ್ಷಕರ ಸ್ಥಾನಮಾನ, ವೇತನ, ಕೆಲಸದ ಸ್ಥಿತಿಗತಿಗಳ ಕುರಿತು 1966ರಲ್ಲಿ ಯುನೆಸ್ಕೋ ನಡೆಸಿದ ಸಮ್ಮೇಳನವು ಶಿಫಾರಸು ಅಂಗೀಕರಿಸಿದ ದಿನ. ಆ ದಿನವನ್ನು ಆರಿಸಿದವರ ತಿಳಿವಳಿಕೆ ದೊಡ್ಡದು.

ಎರಡು ಸಂದೇಹಗಳು

ಕೆಲಸವನ್ನೇ ಮಾಡದ ಗುರುಗಳಿಗೂ ಗೌರವವೆ, ಎಂದು ಕೆಲವರು ಕೇಳಬಹುದು. ಕೃತಜ್ಞತೆಯೆಂದರೆ ಮುಖಸ್ತುತಿಯಲ್ಲ. ಎಲ್ಲರಿಗೂ ಒಂದೇ ಅಳತೆಯ ಶಾಲು ಹೊದಿಸುವುದರಿಂದ ನಿಜವಾಗಿ ದುಡಿದವರಿಗೆ ಅನ್ಯಾಯವಾಗುತ್ತದೆ. ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ ತಿಳಿಸಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿಯೇ ಶಿಕ್ಷಕರ ಕರ್ತವ್ಯವಾಗಿ ಬರೆದಿದೆ. ಕೇಳುವ ಹಕ್ಕು ನಮಗಿದೆ. ಆದರೆ ಚಾವಡಿಯಲ್ಲಿ ಕೂತು ಆಡಿಕೊಳ್ಳುವುದು ಬೇರೆ, ಶಾಲೆಗೆ ಹೋಗಿ, "ಗುರುಗಳೇ, ನಮ್ಮ ಹುಡುಗಿಗೆ ಓದಲು ತೊಡಕಾಗುತ್ತದೆ, ಏನು ಮಾಡೋಣ?" ಎಂದು ಕೇಳುವುದು ಬೇರೆ. ಎರಡನೆಯದರಲ್ಲಿ ಗೌರವವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಇನ್ನೊಂದು ಸಂದೇಹ ಇದಕ್ಕಿಂತ ಕಠಿಣವಾದದ್ದು. ಊರ ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಪಾಲಕರು ಇಂಗ್ಲಿಷ್ ಅಥವಾ ಮರಾಠಿ ಶಾಲೆಗೆ ಕಳಿಸುತ್ತಿದ್ದಾರೆ. ಗುರುಗಳ ಮೇಲಿನ ಗೌರವಕ್ಕಾಗಿ ಮಗುವನ್ನು ಅಲ್ಲಿಯೇ ಇಡಬೇಕೆ? ಇಲ್ಲ. ಮಗುವಿನ ಮುಂದಿನ ಬಾಳನ್ನು ಯಾರಿಗೂ ಕಾಣಿಕೆಯಾಗಿ ಕೊಡುವ ಅಧಿಕಾರ ನಮಗಿಲ್ಲ, ಗುರುಗಳಿಗೂ ಇಲ್ಲ. ಮನೆಯ ಮಾತಿನಲ್ಲಿ ಕಲಿತ ಮಗುವಿನ ಬುಡ ಗಟ್ಟಿಯಾಗುತ್ತದೆ, ಆ ಬುಡದ ಮೇಲೆ ಮರಾಠಿ, ಇಂಗ್ಲಿಷ್ ಯಾವುದೂ ನಿಲ್ಲುತ್ತದೆ ಎಂಬುದು ನಮ್ಮ ನಂಬಿಕೆ. ಆದರೆ ಪ್ರತಿ ಮನೆಯ ಪರಿಸ್ಥಿತಿ ಆ ಮನೆಯವರಿಗೇ ಗೊತ್ತು. ನಾವು ಕೇಳುವುದು ಒಂದೇ. ತೀರ್ಮಾನ ಮಾಡುವ ಮೊದಲು ಶಾಲೆಗೆ ಹೋಗಿ ಆ ಗುರುಗಳ ಮುಂದೆ ಕೂತು ಮಾತಾಡಿರಿ. ಏನು ಕೊರತೆಯೆಂದು ಹೇಳಿರಿ, ಅವರು ಹೇಳುವುದನ್ನು ಕೇಳಿರಿ. ಸಪ್ಟೆಂಬರಿನಲ್ಲಿ ಹಾರ ಹಾಕಿ, ಜೂನಿನಲ್ಲಿ ಒಂದು ಮಾತೂ ಹೇಳದೆ ದಾಖಲೆ ತೆಗೆದುಕೊಂಡು ಹೋಗುವುದು ಯಾವ ಗುರುವಿಗೂ ಸಹಿಸಲಾಗದ ನೋವು. ಹಾಗೆ ಮಾತಾಡಿದಾಗ ಎಷ್ಟೋ ಕೊರತೆಗಳು ಅಲ್ಲಿಯೇ ನೀಗುವಂಥವೆಂದು ತಿಳಿದುಬರಬಹುದು.

ಋಣವನ್ನು ಮುಂದಕ್ಕೆ ಹರಿಸುವುದು

ಡಾ. ರಾಧಾಕೃಷ್ಣನ್ ಅವರು 1918ರಿಂದ ಮೈಸೂರಿನಲ್ಲಿ ಪಾಠ ಹೇಳಿ, 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ನಿಲ್ದಾಣದವರೆಗೆ ಎಳೆದೊಯ್ದರೆಂಬುದು ಪ್ರಸಿದ್ಧ ಸಂಗತಿ. ಅಂಥ ಪ್ರೀತಿ ಕಂಡವರು ತಾವು ರಾಷ್ಟ್ರಪತಿಯಾದ 1962ರಲ್ಲಿ ತಮ್ಮ ಹುಟ್ಟುಹಬ್ಬವನ್ನು ತಮ್ಮೊಬ್ಬರದಾಗಿ ಇಟ್ಟುಕೊಳ್ಳದೆ ಎಲ್ಲ ಶಿಕ್ಷಕರಿಗೂ ಬಿಟ್ಟುಕೊಟ್ಟರು. 2020ರಲ್ಲಿ ನಮ್ಮ ಸೋಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಳೆ ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ, ಅವರು ಅದರ ಅರ್ಧವನ್ನು ಕೊನೆಯ ಸುತ್ತಿಗೆ ಬಂದ ಉಳಿದ ಒಂಬತ್ತು ಜನ ಶಿಕ್ಷಕರಿಗೆ ಹಂಚಿದರು. ತಮಗೆ ಬಂದ ಮಾನವನ್ನು ಇಬ್ಬರೂ ತಮ್ಮಲ್ಲಿಯೇ ನಿಲ್ಲಿಸಿಕೊಳ್ಳಲಿಲ್ಲ, ಮುಂದಕ್ಕೆ ಹರಿಸಿದರು.

ನಮ್ಮ ಹಿರಿಯರೂ ಇದನ್ನೇ ಮಾಡಿದರು. ಧಾರವಾಡದಲ್ಲಿ ಹುಟ್ಟಿದ ಡೆಪ್ಯೂಟಿ ಚನ್ನಬಸಪ್ಪನವರು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ, ಮುಂಬಯಿ ಆಡಳಿತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ, ಕನ್ನಡ ಶಾಲೆಗಳಿಗಾಗಿ, ಕನ್ನಡ ಶಿಕ್ಷಕರ ತರಬೇತಿಗಾಗಿ ಬಾಳು ಸವೆಸಿದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಕೂಡಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು, ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಇವರಲ್ಲಿ ಯಾರೂ ತಮಗೆ ಕಲಿಸಿದ ಗುರುಗಳಿಗೆ ತಿರುಗಿ ಲೆಕ್ಕ ಚುಕ್ತಾ ಮಾಡಲು ಹೋಗಲಿಲ್ಲ. ತಾವು ಪಡೆದದ್ದು ಮುಂದಿನ ಮಕ್ಕಳಿಗೂ ಸಿಗುವಂತೆ ಮಾಡಿದರು. ಗುರುವಿನ ಋಣ ಹಿಂದಕ್ಕೆ ತೀರುವಂಥದ್ದಲ್ಲ, ಮುಂದಕ್ಕೆ ಮಾತ್ರ ತೀರುತ್ತದೆ. ಬೀಜ ಕೊಟ್ಟವರಿಗೆ ರೈತನು ಮಾಡಬಹುದಾದ ದೊಡ್ಡ ಗೌರವವೆಂದರೆ ಆ ತಳಿಯನ್ನು ಕೆಡಿಸದೆ ಮುಂದಿನ ಹಂಗಾಮಿಗೆ ಉಳಿಸುವುದು.

ಆದ್ದರಿಂದ ಭಕ್ತರೇ, ಬರುವ ಸಪ್ಟೆಂಬರಿನಲ್ಲಿಯೂ ಶಾಲು ಹೊದಿಸಿರಿ, ಹಾರ ಹಾಕಿರಿ. ಅದಕ್ಕೆ ಮೊದಲು ಈ ತಿಂಗಳಲ್ಲಿಯೇ ಒಂದು ಸಣ್ಣ ಕೆಲಸ ಮಾಡಿರಿ. ನಿಮಗೆ ಮೊದಲ ಅಕ್ಷರ ಕಲಿಸಿದ ಗುರುಗಳು ಇನ್ನೂ ಇದ್ದರೆ, ಅವರಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯಿರಿ. ಇಲ್ಲದಿದ್ದರೆ, ನಿಮ್ಮ ಮಗುವಿಗೆ ಇಂದು ಕಲಿಸುತ್ತಿರುವವರ ಬಳಿಗೆ ಹೋಗಿ, ನಾವು ಮನೆಯಲ್ಲಿ ಏನು ಮಾಡಬೇಕೆಂದು ಕೇಳಿ ಬನ್ನಿರಿ. ಅವರು ಹೇಳಿದ್ದನ್ನು ಮಾಡಿರಿ.